ಪ್ರತಿಕ್ರಿಯೆ: ಕವಿಗಳು ಕಾದಂಬರಿಗೆ ಕೈ ಹಾಕಿದಾಗ

ಹಲವು ವರ್ಷ ಕವಿತೆ ಬರೆದು ಈಗ ಮೊದಲ ಕಾದಂಬರಿಗೆ ತೊಡಗಿರುವ ನಿಮ್ಮ ಗದ್ಯ ಉಪಮೆಗಳ ಭಾರಕ್ಕೆ ಕುಸಿಯುತ್ತಿದೆ, ಕವಿತ್ವವನ್ನು ಬದಿಗಿಡಬೇಕೇ ಎಂದು ಕೇಳಿದ್ದೀರಿ. ಬದಿಗಿಡಬೇಕಾಗಿಲ್ಲ ಎಂಬುದು ನನ್ನ ಅಭಿಪ್ರಾಯ. ಅದಕ್ಕೆ ಬೇರೆ ಕೆಲಸ ಕೊಡಬೇಕು, ಅಷ್ಟೆ.

ಕುವೆಂಪು ಅವರನ್ನೇ ನೋಡಿ. 1949ರಲ್ಲಿ ಪ್ರಕಟವಾದ 'ಶ್ರೀ ರಾಮಾಯಣ ದರ್ಶನಂ' ಮಹೋಪಮೆಗಳಿಗೆ ಹೆಸರಾದ ಕಾವ್ಯ; ಅಲ್ಲಿ ಒಂದು ಹೋಲಿಕೆ ಎಷ್ಟೋ ಸಾಲುಗಳವರೆಗೆ ಹರಿದರೂ ಛಂದಸ್ಸಿನ ನಡೆ ಅದನ್ನು ಹೊತ್ತುಕೊಂಡು ಹೋಗುತ್ತದೆ. ಗದ್ಯಕ್ಕೆ ಆ ಆಸರೆಯಿಲ್ಲ. 1967ರ 'ಮಲೆಗಳಲ್ಲಿ ಮದುಮಗಳು' ಬರೆದವರೂ ಅದೇ ಕವಿ. ಆದರೆ ಇಲ್ಲಿ ಯಾರೂ ಮುಖ್ಯರಲ್ಲ, ಯಾರೂ ಅಮುಖ್ಯರಲ್ಲ ಎಂದು ಓದುಗರಿಗೆ ಮೊದಲೇ ತಿಳಿಸಿ, ಕವಿಯ ತಾಳ್ಮೆಯನ್ನೆಲ್ಲ ಹೆಗ್ಗಡೆಯವರ ಆಳಾದ ಗುತ್ತಿಯ ನಡಿಗೆಗೆ, ಅವನ ನಾಯಿ ಹುಲಿಯನಿಗೆ ವಿನಿಯೋಗಿಸುತ್ತಾರೆ. ಕೊನೆಗೆ ತುಂಬಿ ಹರಿಯುವ ತುಂಗೆಯಲ್ಲಿ ಆ ನಾಯಿ ಕೊಚ್ಚಿಹೋದಾಗ ನಮ್ಮ ಕರುಳು ಹಿಂಡುವುದು ಯಾವುದೋ ಚೆಂದದ ಹೋಲಿಕೆಯಿಂದಲ್ಲ, ಅಷ್ಟು ಪುಟಗಳ ಕಾಲ ಅದರ ಜೊತೆ ಕಾಡು ಸುತ್ತಿರುವುದರಿಂದ. (ವರ್ಣನೆ ಅತಿಯಾಯಿತು ಎನ್ನುವ ಓದುಗರೂ ಇದ್ದಾರೆ, ಕೆಲವೆಡೆ ನನಗೂ ಹಾಗನ್ನಿಸಿದೆ.)

ನಿಮ್ಮ ಹಸ್ತಪ್ರತಿಯ ಒಂದು ಅಧ್ಯಾಯದಲ್ಲಿ ಉಪಮೆಗಳನ್ನೆಲ್ಲ ಪೆನ್ಸಿಲಿನಿಂದ ಹೊಡೆದುಹಾಕಿ, ಉಳಿದ ವಾಕ್ಯಗಳಲ್ಲಿ ಕಣ್ಣಿಗೆ ಕಾಣುವ ವಸ್ತುವೋ ಕ್ರಿಯೆಯೋ ಉಳಿದಿದೆಯೇ ಎಂದು ಪರೀಕ್ಷಿಸಿ. ಉಳಿಯದಿದ್ದರೆ ಆ ದೃಶ್ಯವನ್ನು ನೀವಿನ್ನೂ ಪೂರ್ತಿಯಾಗಿ ಕಂಡಿಲ್ಲವೆಂದೇ ಅರ್ಥ. ಅಂಥದ್ದನ್ನು ತಿದ್ದುವ ಬದಲು ಹೊಸದಾಗಿ ಬರೆಯುವುದು ಲೇಸು. ಲಯವನ್ನು ಮಾತ್ರ ಬಿಡಬೇಡಿ. ಸಂಭಾಷಣೆಯಲ್ಲಿ ಯಾವ ಮಾತನ್ನು ಎಲ್ಲಿ ನಿಲ್ಲಿಸಬೇಕೆಂದು ತೀರ್ಮಾನಿಸುವಾಗ ಕವಿತೆಯಲ್ಲಿ ಪಳಗಿದ ನಿಮ್ಮ ಕಿವಿ ಖಂಡಿತ ನೆರವಿಗೆ ಬರುತ್ತದೆ.