ಏಳನೇ ತರಗತಿ ಮಗಳಿಗೆ ಅನುಪಾತ ಅರ್ಥ ಮಾಡಿಸುವುದು ಹೇಗೆ?

12:18 ಅನ್ನು 2:3 ಎಂದು ಮಗಳು ಚಕಚಕ ಬಿಡಿಸುತ್ತಾಳೆ, ಅದೇ ಲೆಕ್ಕ ಮಾತಿನಲ್ಲಿ ಬಂದರೆ ಸುಮ್ನೆ ಕೂರುತ್ತಾಳೆ ಎಂದು ಕೇಳಿದ್ದೀರಿ. ನಾನು ಶಿರಸಿ ಕಡೆಯವನು, ಸಂಜೆ ಹೊತ್ತು ಮಕ್ಕಳಿಗೆ ಲೆಕ್ಕ ಹೇಳಿಕೊಡುತ್ತೇನೆ. ಇಲ್ಲೂ ಇದೇ ಗೋಳು.

ಮೊದಲು ಅವಳಿಗೆ ಒಂದು ಪ್ರಶ್ನೆ ಕೇಳಿ. ದೋಸೆಗೆ 3 ಲೋಟ ಅಕ್ಕಿ, 1 ಲೋಟ ಉದ್ದು. ನೆಂಟರು ಬಂದರೆಂದು 6 ಲೋಟ ಅಕ್ಕಿ ಹಾಕಿದರೆ ಉದ್ದು ಎಷ್ಟು? 4 ಅಂದಳೋ, ತೊಡಕು ಸಿಕ್ಕಿತು. ಉದ್ದು ಅಕ್ಕಿಗಿಂತ 2 ಲೋಟ ಕಡಿಮೆ ಎಂದು ಕಳೆದಿದ್ದಾಳೆ. ಎಷ್ಟು ಜಾಸ್ತಿ ಎಂದಲ್ಲ, ಎಷ್ಟು ಪಟ್ಟು ಎಂದು ಕೇಳಿಕೊಳ್ಳಲು ಕಲಿಸಿ. ಅಕ್ಕಿ ಎರಡು ಪಟ್ಟಾಯಿತು, ಉದ್ದೂ ಎರಡು ಪಟ್ಟು. ಉತ್ತರ 2 ಲೋಟ.

ನಮ್ಮಲ್ಲಿ ಮಕ್ಕಳಿಗೆ ಬೇಗ ಹತ್ತುವುದು ಕೊಳೆ ಮದ್ದಿನ, ಅಂದರೆ ಅಡಿಕೆಯ ಕೊಳೆ ರೋಗಕ್ಕೆ ಹೊಡೆಯುವ ಮದ್ದಿನ ಲೆಕ್ಕ. ಅಡಿಕೆಗೆ ಹೊಡೆಯುವ ಶೇಕಡಾ 1ರ ಬೋರ್ಡೋ ದ್ರಾವಣಕ್ಕೆ 1 ಕಿಲೋ ಮೈಲುತುತ್ತ (ತಾಮ್ರದ ಸಲ್ಫೇಟ್), 1 ಕಿಲೋ ಸುಣ್ಣ, 100 ಲೀಟರ್ ನೀರು. ಡ್ರಮ್ಮಿನಲ್ಲಿ ಹಿಡಿಯುವುದು 60 ಲೀಟರ್ ಮಾತ್ರ ಅಂದುಕೊಳ್ಳಿ. ಆಗ ಮೊದಲು ಒಂದು ಲೀಟರಿಗೆ ಎಷ್ಟು ಅಂತ ನೋಡಬೇಕು. 1000 ಗ್ರಾಂ ಅನ್ನು 100ರಿಂದ ಭಾಗಿಸಿದರೆ 10 ಗ್ರಾಂ. 60 ಲೀಟರಿಗೆ 600 ಗ್ರಾಂ ಮೈಲುತುತ್ತ, ಅಷ್ಟೇ ಸುಣ್ಣ. ಒಂದಕ್ಕೆ ಎಷ್ಟು ಎಂಬ ಈ ಮೆಟ್ಟಿಲನ್ನು ಮಕ್ಕಳು ಹಾರಿಬಿಡುತ್ತಾರೆ. ಕಿಲೋವನ್ನು ಗ್ರಾಂ ಮಾಡುವುದನ್ನೂ ಮರೆಯುತ್ತಾರೆ. 50 ಪೈಸೆಗೂ 2 ರೂಪಾಯಿಗೂ ಇರುವ ಅನುಪಾತ 25:1 ಎಂದು ಬರೆಯುವುದು ಇದಕ್ಕೇ. ಎರಡನ್ನೂ ಪೈಸೆ ಮಾಡಿದರೆ 50:200, ಅಂದರೆ 1:4.

ಅಜ್ಜಂದಿರು ತ್ರೈರಾಶಿ ಎನ್ನುತ್ತಿದ್ದ ಲೆಕ್ಕ ಇದೇ, ಗೊತ್ತಿರುವ ಮೂರು ಸಂಖ್ಯೆಯಿಂದ ನಾಲ್ಕನೆಯದನ್ನು ಹುಡುಕುವುದು. ಆರ್ಯಭಟನ ಕಾಲಕ್ಕೇ ಇದ್ದ ವಿಧಾನ, ಚೆನ್ನಾಗಿಯೇ ಇದೆ. ಆದರೆ ಅದರ ಅಡ್ಡ ಗುಣಾಕಾರ ಒಮ್ಮೆ ಬಾಯಿಪಾಠವಾದರೆ ಮಕ್ಕಳು ಅದನ್ನು ಕಂಡಕಂಡಲ್ಲಿ ಹಾಕುತ್ತಾರೆ. ನಾನು ಬೇಕೆಂದೇ ಕೇಳುತ್ತೇನೆ: ಅಂಗಳದಲ್ಲಿ ಹರವಿದ ಒಂದು ಕ್ವಿಂಟಲ್ ಅಡಿಕೆ ಒಣಗಿ ಚಾಲಿಯಾಗಲು (ಸಿಪ್ಪೆ ಸಮೇತ ಒಣಗಿಸಿ ಸುಲಿಯುವ ಅಡಿಕೆಗೆ ಚಾಲಿ ಎನ್ನುತ್ತೇವೆ) 40 ದಿನ ಬೇಕು, ಪಕ್ಕದಲ್ಲೇ ಇನ್ನೊಂದು ಕ್ವಿಂಟಲ್ ಹರವಿದರೆ ಎಷ್ಟು ದಿನ? 80 ಎಂದು ಕೂಗುವವರೇ ಜಾಸ್ತಿ! ಬಿಸಿಲು ಎರಡಕ್ಕೂ ಒಟ್ಟಿಗೇ ಬೀಳುತ್ತದೆ ಅಲ್ವಾ? 40 ದಿನವೇ ಸಾಕು. 4 ಆಳು 6 ದಿನದಲ್ಲಿ ಮುಗಿಸುವ ಕೆಲಸಕ್ಕೆ 8 ಆಳು ಬಂದರೆ 12 ದಿನ ಎನ್ನುವವರೂ ಇದ್ದಾರೆ. ಅಲ್ಲಿ ದಿನ ಇಳಿದು 3 ಆಗಬೇಕು. ಹಾಗಾಗಿ ಪೆನ್ಸಿಲ್ ಹಿಡಿಯುವ ಮೊದಲೇ ಕೇಳಿ, ಇದು ಏರಿದರೆ ಅದು ಏರುತ್ತದಾ, ಇಳಿಯುತ್ತದಾ, ಇದ್ದಲ್ಲೇ ಇರುತ್ತದಾ? ನನ್ನ ಪ್ರಕಾರ ಸೂತ್ರಕ್ಕಿಂತ ಈ ಪ್ರಶ್ನೆಯೇ ಮುಖ್ಯ.

ಇನ್ನು ಪಾಲಿನ ಲೆಕ್ಕ. 50,000 ರೂಪಾಯಿಯನ್ನು ಅಣ್ಣ ತಮ್ಮ 3:2ರಂತೆ ಹಂಚಿಕೊಳ್ಳಬೇಕು. ಮಕ್ಕಳು 50,000ವನ್ನು 3ರಿಂದ ಒಮ್ಮೆ, 2ರಿಂದ ಒಮ್ಮೆ ಭಾಗಿಸುತ್ತಾರೆ. ಮೊದಲು ಒಟ್ಟು ಪಾಲು ಐದು ಎಂದು ಬರೆಸಿ. ಒಂದು ಪಾಲು 10,000, ಅಣ್ಣನಿಗೆ 30,000, ತಮ್ಮನಿಗೆ 20,000. ಎರಡನ್ನೂ ಕೂಡಿಸಿ ತಾಳೆ ನೋಡುವ ಅಭ್ಯಾಸ ಮಾಡಿಸಿ, ತಪ್ಪಿದ್ದರೆ ಅವಳೇ ಹಿಡಿಯುತ್ತಾಳೆ.