ಬಾಗಿಲ ಹಿಂದಿನ ಉಸಿರು

ನಮಸ್ಕಾರ ಮೇಡಂ,

ನಿಮ್ಮ ನಾಲ್ಕು ಪುಟದ ಪತ್ರ ಕೈಸೇರಿ ಎರಡು ವಾರ ಆಯಿತು. ಓದಿದ ದಿನವೇ ಉತ್ತರ ಬರೆಯಲು ಕೂತಿದ್ದೆ, ಮನಸ್ಸು ಒಪ್ಪಲಿಲ್ಲ. ಸಿನಿಮಾವನ್ನು ಇನ್ನೊಮ್ಮೆ ಪೂರ್ತಿ ನೋಡಿ ಬರೆಯೋಣ ಅಂತ ಎತ್ತಿಟ್ಟೆ. ಮೊನ್ನೆ ನೋಡಿದೆ.

ಪತ್ರ ಉದ್ದ ಇದೆ, ಹಾಗಾಗಿ ಉಳಿದ ಓದುಗರಿಗೆ ವಿಷಯ ಇಷ್ಟು ಹೇಳುತ್ತೇನೆ. ‘ಓವರ್‌ಲಾರ್ಡ್’ 2018ರಲ್ಲಿ ಬಂದ ಹಾಲಿವುಡ್ ಸಿನಿಮಾ. ನಿರ್ದೇಶಕ ಜೂಲಿಯಸ್ ಏವರಿ. ಎರಡನೇ ಮಹಾಯುದ್ಧದಲ್ಲಿ, 1944ರ ಜೂನ್ 6ರ ನಾರ್ಮಂಡಿ ದಾಳಿಗೆ ಕೆಲವೇ ಗಂಟೆ ಮೊದಲು ಅಮೆರಿಕದ ಪ್ಯಾರಾಟ್ರೂಪರ್‌ಗಳ ತಂಡವೊಂದು ಫ್ರಾನ್ಸಿನ ಒಂದು ಹಳ್ಳಿಯ ಹತ್ತಿರ ಇಳಿಯುತ್ತದೆ. ಅಲ್ಲಿನ ಚರ್ಚಿನಲ್ಲಿ ಜರ್ಮನ್ನರು ನಿಲ್ಲಿಸಿರುವ, ರೇಡಿಯೋ ಜಾಮ್ ಮಾಡುವ ಟವರನ್ನು ಉರುಳಿಸಬೇಕು. ಹೋಗಿ ನೋಡಿದರೆ ಚರ್ಚಿನ ಕೆಳಗೊಂದು ಲ್ಯಾಬ್. ಹಳ್ಳಿಯ ಜನರನ್ನೇ ಎಳೆದು ತಂದು ಪ್ರಯೋಗ ಮಾಡುತ್ತಿದ್ದಾರೆ. ಸತ್ತವರನ್ನೂ ಎಬ್ಬಿಸುವ ಒಂದು ಇಂಜೆಕ್ಷನ್ ಅಲ್ಲಿ ತಯಾರಾಗುತ್ತಿದೆ. ನಮ್ಮ ವಿಮರ್ಶಕರು ಇದನ್ನು ಮೆಚ್ಚಿ ಬರೆದರು. ಅದನ್ನು ಓದಿ ನೀವು ನೋಡಲು ಕೂತಿರಿ, ಅರ್ಧಕ್ಕೇ ಎದ್ದಿರಿ. ಇಷ್ಟು ರಕ್ತ ಯಾರಿಗೆ ಬೇಕು ಅಂತ ಕೇಳಿದ್ದೀರಿ. ನಾಜಿ ಕ್ಯಾಂಪುಗಳಲ್ಲಿ ನಿಜವಾಗಿ ನರಳಿದವರ ನೋವನ್ನು ಮಜಾ ಮಾಡಿ ಮಾರುತ್ತಿದ್ದಾರೆ, ಅದಕ್ಕೆ ನೀವೂ ಶಹಬ್ಬಾಸ್ ಅಂದಿರಿ ಅಂತ ಬರೆದಿದ್ದೀರಿ. ಕೊನೆಗೆ, ಇದನ್ನು ನಿಮ್ಮ ಮನೆಯವರ ಜೊತೆ ಕೂತು ನೋಡ್ತೀರಾ ಅಂತಲೂ ಕೇಳಿದ್ದೀರಿ. ನನ್ನ ಉತ್ತರದಲ್ಲಿ ಕಥೆಯ ಕೊನೆಯೂ ಬರುತ್ತದೆ. ಸಿನಿಮಾ ನೋಡಬೇಕು ಅಂದುಕೊಂಡವರು ನೋಡಿಬಂದು ಓದಲಿ.

ಮೊದಲು ರಕ್ತದ ಮಾತು.

ಶುರುವಿನ ವಿಮಾನದ ದೃಶ್ಯ ನೀವು ನೋಡಿದ್ದೀರಿ. ಕತ್ತಲಲ್ಲಿ ಎದುರುಬದುರು ಸಾಲಾಗಿ ಕೂತ ಹುಡುಗರು. ಒಬ್ಬ ಎಲ್ಲರ ಕಾಲೆಳೆಯುತ್ತಿರುತ್ತಾನೆ. ಇನ್ನೊಬ್ಬನ ಕುತ್ತಿಗೆಯಲ್ಲಿ ಕ್ಯಾಮೆರಾ. ಕೆಳಗಿಂದ ಗುಂಡು ಶುರುವಾದ ಕೂಡಲೇ ತಗಡು ಹರಿಯುತ್ತದೆ, ಪಕ್ಕದಲ್ಲಿದ್ದವನು ಇಲ್ಲವಾಗುತ್ತಾನೆ. ಬಾಯ್ಸ್ ಎಂಬ ಹುಡುಗ ಉರಿಯುವ ವಿಮಾನದಿಂದ ಹೊರಗೆ ಬೀಳುತ್ತಾನೆ. ಕ್ಯಾಮೆರಾ ಅವನ ಮುಖ ಬಿಟ್ಟು ಕದಲುವುದಿಲ್ಲ. ಆಕಾಶ ಮೇಲೋ ಕೆಳಗೋ ನಮಗೂ ಗೊತ್ತಾಗುವುದಿಲ್ಲ. ಬಂದು ಬೀಳುವುದು ನೀರಿಗೆ, ಮೈಗೆ ಪ್ಯಾರಾಚೂಟಿನ ಹಗ್ಗ ಸುತ್ತಿಕೊಂಡಿದೆ. ಆ ರಾತ್ರಿ ಇಳಿದ ಅಮೆರಿಕದ ಪ್ಯಾರಾಟ್ರೂಪರ್‌ಗಳು ಸುಮಾರು 13,000. ಮೋಡ ಮತ್ತು ಗುಂಡಿನ ಕಾಟಕ್ಕೆ ವಿಮಾನಗಳು ಚದುರಿ, ತುಂಬಾ ಜನ ಇಳಿಯಬೇಕಾದ ಕಡೆ ಇಳಿಯಲೇ ಇಲ್ಲ. ಜರ್ಮನ್ನರು ಹೊಲಗಳಿಗೆ ನೀರು ಬಿಟ್ಟಿದ್ದರು. ಬೆನ್ನ ಮೇಲಿನ ಭಾರಕ್ಕೆ ಮೇಲೇಳಲಾಗದೆ ಕೆಲವರು ಅಲ್ಲೇ ಮುಳುಗಿ ಸತ್ತರು. ಇದು ಗೊತ್ತಿದ್ದು ನೋಡಿದರೆ ಆ ನೀರಿನ ದೃಶ್ಯದಲ್ಲಿ ನಮ್ಮ ಉಸಿರೂ ಕಟ್ಟುತ್ತದೆ. ಅಲ್ಲಿನ ರಕ್ತವನ್ನು ತೆಗೆದಿದ್ದರೆ ಅದು ಸುಳ್ಳಾಗುತ್ತಿತ್ತು.

ನೀವು ಎದ್ದ ಮೇಲೆ ಬರುವ ಒಂದು ದೃಶ್ಯ ಹೇಳಬೇಕು. ಕ್ಯಾಮೆರಾ ಹಾಕಿಕೊಂಡಿದ್ದ ಹುಡುಗನಿಗೆ ಗುಂಡು ತಗಲುತ್ತದೆ. ಸಾಯುತ್ತಾನೆ. ಬಾಯ್ಸ್ ತಡೆಯಲಾಗದೆ ಲ್ಯಾಬಿನಿಂದ ತಂದ ಇಂಜೆಕ್ಷನ್ ಅವನಿಗೆ ಚುಚ್ಚಿಬಿಡುತ್ತಾನೆ. ಹುಡುಗ ಕಣ್ಣು ಬಿಡುತ್ತಾನೆ, ಮಾತಾಡುತ್ತಾನೆ. ಬದುಕಿದ ಅಂತ ಅಂದುಕೊಳ್ಳುವಷ್ಟರಲ್ಲಿ ಮೈಯೆಲ್ಲ ತಿರುಚಿಕೊಂಡು ಇನ್ನೇನೋ ಆಗುತ್ತಾನೆ. ಉಳಿಸಲು ಹೋದವನೇ ಅವನನ್ನು ಹೊಡೆದು ಕೊಲ್ಲಬೇಕಾಗುತ್ತದೆ. ನೋಡಲು ತುಂಬಾ ಕಷ್ಟ. ಆದರೂ ಅಲ್ಲಿ ಅಸಹ್ಯಕ್ಕಿಂತ ಸಂಕಟವೇ ಜಾಸ್ತಿ. ಸ್ನೇಹಿತನನ್ನು ಕಳೆದುಕೊಳ್ಳಲಾರೆ ಅಂತ ಹಠ ಹಿಡಿದವನ ಕಥೆ ಅದು.

ಕೊನೆಯ ಅರ್ಧ ಗಂಟೆಯ ಬಗ್ಗೆ ಮಾತ್ರ ನಾನು ನಿಮ್ಮ ಕಡೆಗೇ. ಅರ್ಧ ಮುಖ ಹಾರಿಹೋದ ಜರ್ಮನ್ ಅಧಿಕಾರಿ ತಾನೇ ಇಂಜೆಕ್ಷನ್ ಚುಚ್ಚಿಕೊಂಡು ಹೊಡೆದಾಟಕ್ಕೆ ನಿಂತ ಮೇಲೆ ರಕ್ತ ಬರೀ ರಕ್ತ ಆಗುತ್ತದೆ. ಯಾರಿಗೆ ಏನಾಯಿತು ಅನ್ನುವ ಚಿಂತೆ ಹೋಗಿ, ಮುಂದೆ ಏನು ತೋರಿಸ್ತಾರೆ ಅನ್ನುವ ಕುತೂಹಲ ಅಷ್ಟೇ ಉಳಿಯುತ್ತದೆ. ನಮ್ಮ ವಿಮರ್ಶೆ ಇದನ್ನು ಹೇಳಬೇಕಿತ್ತು. ಹೇಳಲಿಲ್ಲ. ಅಚ್ಚಿಗೆ ಕಳಿಸುವ ಮೊದಲು ಓದಿದ್ದು ನಾನೇ, ತಪ್ಪು ನನ್ನದೇ.

ಈಗ ನಿಮ್ಮ ದೊಡ್ಡ ಮಾತಿಗೆ ಬರುತ್ತೇನೆ. ನಿಜವಾಗಿ ನರಳಿದವರು.

ರಾವೆನ್ಸ್‌ಬ್ರೂಕ್ ಮಹಿಳೆಯರ ಕ್ಯಾಂಪ್. ಅಲ್ಲಿ 1942 ಮತ್ತು 1943ರಲ್ಲಿ ಪೋಲೆಂಡಿನ 74 ಮಹಿಳೆಯರ ಮೇಲೆ ಪ್ರಯೋಗ ನಡೆಯಿತು. ಆರೋಗ್ಯವಾಗಿದ್ದ ಕಾಲನ್ನು ಕೊಯ್ದು, ಗಾಯದೊಳಗೆ ಬ್ಯಾಕ್ಟೀರಿಯಾ, ಮರದ ಚೂರು, ಗಾಜಿನ ಚೂರು ಇಟ್ಟು ಕಟ್ಟಿದರು. ಸಲ್ಫಾ ಔಷಧ ಕೀವು ತಡೆಯುತ್ತದಾ ಅಂತ ನೋಡುವುದಕ್ಕೆ. ಕೆಲವರು ಅದರಿಂದಲೇ ಸತ್ತರು. ಕೆಲವರನ್ನು ಗಾಯ ಆರುವ ಮೊದಲೇ ಗುಂಡಿಟ್ಟು ಕೊಂದರು. ಉಳಿದವರಲ್ಲಿ ಬಹಳ ಮಂದಿ ಕುಂಟುತ್ತಲೇ ಬದುಕಿದರು. ಕ್ಯಾಂಪಿನಲ್ಲಿ ಅವರಿಗೆ ‘ಮೊಲಗಳು’ ಅಂತ ಹೆಸರು ಬಿದ್ದಿತ್ತು. 1946ರ ಡಿಸೆಂಬರಿನಲ್ಲಿ ನಾಜಿಗಳ ವಿಚಾರಣೆ ನಡೆದ ನ್ಯೂರೆಂಬರ್ಗ್ ಕೋರ್ಟಿನಲ್ಲಿ ಯಾದ್ವಿಗಾ ಜಿದೋ ಎಂಬಾಕೆ ಎಲ್ಲರೆದುರು ತನ್ನ ಕಾಲಿನ ಗಾಯದ ಗುರುತು ತೋರಿಸಿದರು. ಆ ಕೇಸಿನಲ್ಲಿ 23 ಆರೋಪಿಗಳು, ಹೆಚ್ಚಿನವರು ಡಾಕ್ಟರುಗಳೇ. ಏಳು ಜನರಿಗೆ ಗಲ್ಲಾಯಿತು. ಹೆರ್ತಾ ಓಬರ್‌ಹೊಯ್ಜರ್ ಎಂಬ ಡಾಕ್ಟರಮ್ಮನಿಗೆ 20 ವರ್ಷ ಶಿಕ್ಷೆ ಆಗಿತ್ತು. 1952ರಲ್ಲೇ ಹೊರಗೆ ಬಂದು ಮತ್ತೆ ರೋಗಿಗಳನ್ನು ನೋಡಲು ಕೂತರು. ಕ್ಯಾಂಪಿನಿಂದ ಬದುಕಿ ಬಂದವರೊಬ್ಬರು ಗುರುತು ಹಿಡಿದ ಮೇಲೆ ಅದು ನಿಂತಿತು.

ಇದನ್ನು ಪಕ್ಕದಲ್ಲಿಟ್ಟು ಸಿನಿಮಾ ನೋಡಿದಾಗ ನನಗೆ ಚುಚ್ಚಿದ್ದು ರಕ್ತ ಅಲ್ಲ ಮೇಡಂ. ಸಿನಿಮಾದಲ್ಲಿ ಆ ಔಷಧ ಕೆಲಸ ಮಾಡುತ್ತದೆ! ಸತ್ತವರು ಏಳುತ್ತಾರೆ, ಆನೆಬಲ ಬರುತ್ತದೆ. ಅಂದರೆ ಆ ಡಾಕ್ಟರ್ ಕ್ರೂರಿ, ಆದರೆ ಬುದ್ಧಿವಂತ. ಅವನು ಏನೋ ಕಂಡುಹಿಡಿದಿದ್ದಾನೆ. ನಿಜದ ಕ್ಯಾಂಪುಗಳ ಕಥೆ ಹಾಗಿಲ್ಲ. ಡಾಖೌ ಕ್ಯಾಂಪಿನಲ್ಲಿ ಸಿಗ್ಮಂಡ್ ರಾಷರ್ ಎಂಬಾತ ಕೈದಿಗಳನ್ನು ಮಂಜಿನಂಥ ನೀರಿನಲ್ಲಿ ಮುಳುಗಿಸಿಟ್ಟು ಎಷ್ಟು ಹೊತ್ತಿಗೆ ಸಾಯುತ್ತಾರೆ ಅಂತ ಬರೆದಿಟ್ಟ. ಆ ಬರಹಕ್ಕೆ ಯುದ್ಧದ ನಂತರವೂ ಎಷ್ಟೋ ವರ್ಷ ಬೆಲೆ ಇತ್ತು. ವೈದ್ಯರೇ ತಮ್ಮ ಲೇಖನಗಳಲ್ಲಿ ಅದನ್ನು ಎತ್ತಿ ಹೇಳುತ್ತಿದ್ದರು. 1990ರಲ್ಲಿ ರಾಬರ್ಟ್ ಬರ್ಗರ್ ಎಂಬ ಸರ್ಜನ್ ಅದನ್ನೆಲ್ಲ ಕೂತು ಪರಿಶೀಲಿಸಿದರು. ವಿಧಾನ ಸರಿ ಇಲ್ಲ, ಲೆಕ್ಕ ಒಂದಕ್ಕೊಂದು ಕೂಡುವುದಿಲ್ಲ, ನಂಬುವ ಹಾಗಿಲ್ಲ ಅಂತ ಬರೆದರು. ಅಷ್ಟು ಜೀವ ತೆಗೆದು ಸಿಕ್ಕಿದ್ದು ಅದು. ನಾಜಿ ಡಾಕ್ಟರ ಕೈಗೆ ಪವಾಡದ ಸಿರಿಂಜ್ ಕೊಟ್ಟ ಕೂಡಲೇ ಸಿನಿಮಾ ಅವನಿಗೆ ಇಲ್ಲದ ದೊಡ್ಡತನ ಕೊಟ್ಟುಬಿಡುತ್ತದೆ. ನನ್ನ ತಕರಾರು ಇರುವುದು ಇಲ್ಲಿ. ನೋವನ್ನು ಮಾರುತ್ತಿದ್ದಾರೆ ಅನ್ನುವ ನಿಮ್ಮ ಮಾತಿಗೂ ಇದು ತೀರಾ ದೂರ ಇಲ್ಲ ಅನಿಸುತ್ತದೆ.

ಹಾಗಾದರೆ ಸಿನಿಮಾ ಪೂರ್ತಿ ಸುಳ್ಳಾ? ಅಲ್ಲ. ಎರಡು ಕಡೆ ಅದು ನನ್ನನ್ನು ಹಿಡಿದು ನಿಲ್ಲಿಸಿತು.

ಒಂದು, ಆ ಹಳ್ಳಿಯ ಹುಡುಗಿ ಕ್ಲೋಯ್ ಮನೆ. ತಮ್ಮ, ಅವಳು, ಒಳಗಿನ ಕೋಣೆಯಲ್ಲಿ ಕಾಯಿಲೆಯ ಚಿಕ್ಕಮ್ಮ. ಚಿಕ್ಕಮ್ಮನನ್ನು ಚರ್ಚಿಗೆ ಎಳೆದೊಯ್ದು ವಾಪಸ್ ಕಳಿಸಿದ್ದಾರೆ. ಬಾಯ್ಸ್‌ಗೆ ಮೊದಲು ಕೇಳಿಸುವುದು ಬಾಗಿಲ ಹಿಂದಿನ ಉಸಿರು. ಗೊರ ಗೊರ ಅನ್ನುವ, ಎಳೆದೆಳೆದು ಬಿಡುವ ಉಸಿರು. ಸದ್ದು ಕೇಳಿದ ಮೇಲೆ ಮುಖ ತೋರಿಸುವ ಅಗತ್ಯವೇ ಇರಲಿಲ್ಲ ಅಂತ ನನಗೆ ಅನಿಸಿತು. ಆ ಮನೆಯವರಿಗೆ ಅವಳು ರಾಕ್ಷಸಿ ಅಲ್ಲ, ಚಿಕ್ಕಮ್ಮ. ಅವಳನ್ನು ನೋಡಿಕೊಳ್ಳಬೇಕು, ಹುಡುಗನಿಗೆ ಊಟ ಹಾಕಬೇಕು, ಅಧಿಕಾರಿ ಬಂದು ಬಾಗಿಲು ತಟ್ಟಿದರೆ ತೆಗೆಯಬೇಕು. ಕುಂಟುತ್ತಾ ಮನೆಗೆ ಮರಳಿದ ಆ ಪೋಲೆಂಡಿನ ಹೆಂಗಸರ ನೆನಪು ನನಗೆ ಬಂದದ್ದು ಲ್ಯಾಬಿನ ದೃಶ್ಯದಲ್ಲಿ ಅಲ್ಲ, ಈ ಬಾಗಿಲ ಮುಂದೆ.

ಇನ್ನೊಂದು, ಕೊನೆ. ತಂಡದ ನಾಯಕ ಫೋರ್ಡ್ ಸಾಯುವ ಮೊದಲು ಬಾಯ್ಸ್‌ಗೆ ಹೇಳುವುದು ಇದನ್ನೇ: ಲ್ಯಾಬ್ ಉಡಾಯಿಸಿಬಿಡು, ಈ ಔಷಧ ಅವರ ಕೈಗೂ ಬೇಡ, ನಮ್ಮ ಕೈಗೂ ಬೇಡ. ಬಾಯ್ಸ್ ಹಾಗೇ ಮಾಡುತ್ತಾನೆ. ಮೇಲಧಿಕಾರಿ ಕೇಳಿದಾಗ ಅಲ್ಲಿ ಅಂಥದ್ದೇನೂ ಕಾಣಲಿಲ್ಲ ಅನ್ನುತ್ತಾನೆ. ಇತಿಹಾಸದಲ್ಲಿ ಆದದ್ದು ಇದರ ಉಲ್ಟಾ. ಚೀನಾದ ಹಾರ್ಬಿನ್ ಹತ್ತಿರ ಜಪಾನಿನ ಸೈನ್ಯದ ಯೂನಿಟ್ 731 ಬದುಕಿದ್ದ ಮನುಷ್ಯರ ಮೇಲೆ ಪ್ಲೇಗ್, ಕಾಲರಾ ಪ್ರಯೋಗ ಮಾಡಿತು. ಯುದ್ಧ ಮುಗಿದ ಮೇಲೆ ಆ ಮಾಹಿತಿ ತಮಗೆ ಸಿಗಲಿ ಅಂತ ಅಮೆರಿಕದವರು ಅದರ ಮುಖ್ಯಸ್ಥ ಇಶೀ ಶಿರೋ ಮೇಲೆ ಕೇಸೇ ಹಾಕಲಿಲ್ಲ. ಆತ 1959ರಲ್ಲಿ ಕಾಯಿಲೆಯಿಂದ ಸತ್ತ. ಬಾಯ್ಸ್ ಹೇಳಿದ ಆ ಸುಳ್ಳು ಎಷ್ಟು ದೊಡ್ಡ ಮಾತು ಅಂತ ನನಗೆ ಎರಡನೇ ಸಲ ನೋಡಿದಾಗಷ್ಟೇ ಹೊಳೆಯಿತು.

ಇದೇ ಸಿನಿಮಾ ಬಗ್ಗೆ ಬಂದ ಉಳಿದ ಪತ್ರಗಳಿಗೂ ಇಲ್ಲೇ ಎರಡು ಮಾತು. ಒಂದು ಗಂಟೆ ಕಾದರೂ ಸತ್ತವರು ಎದ್ದು ಬರಲಿಲ್ಲ, ಮೋಸ ಆಯಿತು ಅಂತ ಒಬ್ಬರು. ಯುದ್ಧದ ಸಿನಿಮಾ ಚೆನ್ನಾಗಿ ಹೋಗುತ್ತಿತ್ತು, ಸುಮ್ನೆ ದೆವ್ವ ತಂದು ಕೆಡಿಸಿದರು ಅಂತ ಇನ್ನೊಬ್ಬರು. ಇಬ್ಬರ ಬೇಸರವೂ ನಿಜವೇ. ಪೋಸ್ಟರ್ ನೋಡಿ ಒಬ್ಬರು ಒಂದಕ್ಕೆ ಕಾದರು, ಮತ್ತೊಬ್ಬರು ಇನ್ನೊಂದಕ್ಕೆ. ಕಾಯಿಸಿದ್ದು ನನಗಂತೂ ಇಷ್ಟವಾಯಿತು.

1944ರಲ್ಲಿ ಬಾಯ್ಸ್‌ನಂಥ ಕಪ್ಪು ಸೈನಿಕ ಬಿಳಿಯರ ತಂಡದಲ್ಲಿ ಹೇಗಿದ್ದ ಅಂತಲೂ ಕೆಲವರು ಕೇಳಿದ್ದಾರೆ. ಸರಿಯಾದ ಪ್ರಶ್ನೆ. ಆಗ ಅಮೆರಿಕದ ಸೈನ್ಯದಲ್ಲಿ ಕಪ್ಪು ಜನರನ್ನು ಬೇರೆಯೇ ಇಟ್ಟಿದ್ದರು. ಅದನ್ನು ನಿಲ್ಲಿಸುವ ಆದೇಶಕ್ಕೆ ಅಧ್ಯಕ್ಷ ಟ್ರೂಮನ್ ಸಹಿ ಹಾಕಿದ್ದು 1948ರಲ್ಲಿ. ಕಪ್ಪು ಪ್ಯಾರಾಟ್ರೂಪರ್‌ಗಳ 555ನೇ ಬೆಟಾಲಿಯನ್ನನ್ನು ಯುರೋಪಿಗೆ ಕಳಿಸಲೇ ಇಲ್ಲ. ಅಮೆರಿಕದಲ್ಲೇ ಕಾಡಿನ ಬೆಂಕಿ ಆರಿಸಲು ವಿಮಾನದಿಂದ ಧುಮುಕಿಸಿದರು. ಹಾಗಾಗಿ ಬಾಯ್ಸ್ ಆ ವಿಮಾನದಲ್ಲಿ ಇರಲು ಸಾಧ್ಯವಿರಲಿಲ್ಲ. ಆದರೆ ಜೂನ್ 6ರಂದು ನಾರ್ಮಂಡಿಯಲ್ಲಿ ಕಪ್ಪು ಸೈನಿಕರೇ ಇರಲಿಲ್ಲ ಅಂತ ಬರೆದವರಿಗೆ ವೇವರ್ಲಿ ವುಡ್‌ಸನ್ ಹೆಸರು ಹೇಳಬೇಕು. ಅವರು ಶತ್ರು ವಿಮಾನಗಳನ್ನು ತಡೆಯಲು ಬಲೂನ್ ಹಾರಿಸುವ 320ನೇ ಬಲೂನ್ ಬೆಟಾಲಿಯನ್ನಿನ ಮೆಡಿಕ್. ತಾವೇ ಗಾಯಗೊಂಡಿದ್ದರೂ ಓಮಾಹಾ ತೀರದಲ್ಲಿ 30 ಗಂಟೆ ನಿಲ್ಲದೆ ಗಾಯಾಳುಗಳನ್ನು ನೋಡಿಕೊಂಡರು. ಅವರಿಗೆ ಡಿಸ್ಟಿಂಗ್ವಿಶ್ಡ್ ಸರ್ವೀಸ್ ಕ್ರಾಸ್ ಎಂಬ ಶೌರ್ಯ ಪದಕ ಬಂದದ್ದು 2024ರಲ್ಲಿ, ತೀರಿಕೊಂಡು ಎಷ್ಟೋ ವರ್ಷ ಆದ ಮೇಲೆ. ಅವರ ಬಗ್ಗೆಯೇ ಒಂದು ಸಿನಿಮಾ ಬಂದರೆ ನಾನು ಮೊದಲ ದಿನವೇ ನೋಡುತ್ತೇನೆ.

ಇಂಥ ಸಿನಿಮಾಗಳ ವಿಮರ್ಶೆ ನಿಲ್ಲಿಸಿ ಅಂದಿದ್ದೀರಿ. ನಿಲ್ಲಿಸುವುದಿಲ್ಲ ಮೇಡಂ. ಇಷ್ಟಪಟ್ಟು ನೋಡುವವರು ತುಂಬಾ ಜನ ಇದ್ದಾರೆ. ಅವರಿಗೆ ರಕ್ತದ ಹುಚ್ಚು ಅಂತ ನಾನು ಒಪ್ಪಲ್ಲ. ಆದರೆ ಈ ಸಂಚಿಕೆಯಿಂದ ವಿಮರ್ಶೆಯ ತಲೆಯಲ್ಲೇ ಏನೇನಿದೆ ಅಂತ ನೇರವಾಗಿ ಬರೆಯುತ್ತೇವೆ. ಈ ಸಿನಿಮಾಕ್ಕೆ ಹೀಗೆ ಬರೆಯಬೇಕಿತ್ತು: ಹಿಂಸೆ ಕೊಡುವ ದೃಶ್ಯಗಳಿವೆ, ಹೆಣ್ಣಿನ ಮೇಲೆ ಬಲವಂತದ ದೃಶ್ಯ ಇದೆ, ತುಂಡಾದ ದೇಹ ಮಾತಾಡುವ ದೃಶ್ಯ ಇದೆ. ಆ ಮೂರನೆಯದನ್ನು ಮೊದಲೇ ಹೇಳಿದ್ದರೆ ನಿಮಗೆ ಆ ರಾತ್ರಿ ನಿದ್ದೆಗೆಡುವ ಪಾಡು ಬರುತ್ತಿರಲಿಲ್ಲ.

ಇನ್ನು ನಿಮ್ಮ ಕೊನೆಯ ಪ್ರಶ್ನೆ. ಹೌದು, ಎರಡನೇ ಸಲ ಮನೆಯವರ ಜೊತೆಗೇ ನೋಡಿದೆ. ಅಣ್ಣನ ಮಗ, 19 ವರ್ಷ. ಹೊಡೆದಾಟ ನೋಡಲು ಅಂತಲೇ ಕೂತವನು ಚಿಕ್ಕಮ್ಮನ ಕೋಣೆಯ ದೃಶ್ಯ ಬಂದಾಗ ಸುಮ್ಮನಾದ. ಮುಗಿದ ಮೇಲೆ, ನಿಜವಾಗ್ಲೂ ಹೀಗೆಲ್ಲ ಮಾಡಿದ್ರಾ ಚಿಕ್ಕಪ್ಪ ಅಂದ. ರಾವೆನ್ಸ್‌ಬ್ರೂಕಿನ ಕಥೆ ಹೇಳಿದೆ. ಆ ಹೆಂಗಸರು ಮನೆಗೆ ಬರೆಯುವ ಕಾಗದದ ಸಾಲುಗಳ ಮಧ್ಯೆ ತಮ್ಮ ಮೂತ್ರವನ್ನೇ ಶಾಯಿ ಮಾಡಿ ಇನ್ನೊಂದು ಕಾಗದ ಬರೆಯುತ್ತಿದ್ದರು. ಒಣಗಿದರೆ ಕಾಣುವುದಿಲ್ಲ. ಕ್ಯಾಂಪಿನವರು ಓದಿ ಮುದ್ರೆ ಒತ್ತಿ ಕಳಿಸುತ್ತಿದ್ದರು. ಮನೆಯವರು ಅದರ ಮೇಲೆ ಇಸ್ತ್ರಿ ಪೆಟ್ಟಿಗೆ ಆಡಿಸಿದರೆ ಅಕ್ಷರ ಕಂದುಬಣ್ಣದಲ್ಲಿ ಮೇಲೇಳುತ್ತಿತ್ತು.

ಅದರಲ್ಲಿ ಏನು ಬರೀತಿದ್ರು ಅಂತ ಕೇಳಿದ. ಹೆಸರುಗಳನ್ನು ಅಂದೆ. ಯಾರ್ಯಾರ ಕಾಲು ಕೊಯ್ದರು, ಯಾರ್ಯಾರನ್ನು ಕೊಂದರು ಅಂತ, ಒಂದೊಂದೇ ಹೆಸರು.

ವಿಶ್ವಾಸದಿಂದ,
ಸಂಪಾದಕ