ಸಂಪಾದಕರ ಉತ್ತರ: ಸ್ಟೇಷನ್ ರಸ್ತೆ ಅಗಲವಾದರೆ ಪೇಟೆ ಉಳಿದೀತೇ?

ಬೆಳಗಾವಿ–ಮೀರಜ ರೈಲುಮಾರ್ಗದ ಸಣ್ಣ ಊರೊಂದರಿಂದ ನಿವೃತ್ತ ಪ್ರೌಢಶಾಲಾ ಶಿಕ್ಷಕರೊಬ್ಬರು ದೀರ್ಘ ಪತ್ರ ಬರೆದಿದ್ದಾರೆ. ತಮ್ಮ ಹೆಸರನ್ನೂ ಊರಿನ ಹೆಸರನ್ನೂ ಅಚ್ಚು ಹಾಕಬಾರದೆಂದು ಕೇಳಿಕೊಂಡಿರುವುದರಿಂದ ಪತ್ರದ ಸಾರವನ್ನಷ್ಟೇ ಕೊಡುತ್ತೇವೆ. ರೈಲು ನಿಲ್ದಾಣದಿಂದ ಹಳೆಯ ಬಸ್ ನಿಲ್ದಾಣದವರೆಗಿನ ಪೇಟೆಬೀದಿ ಕಳೆಗುಂದಿದೆ. ಬಟ್ಟೆ ಅಂಗಡಿಗಳು ಬೈಪಾಸ್ ಹಿಡಿದಿವೆ, ಅಡತಿ ಅಂಗಡಿಗಳಿಗೆ ಬೀಗ ಬಿದ್ದಿದೆ. ಆದ್ದರಿಂದ ಎರಡೂ ಬದಿಯ ಕಟ್ಟಡಗಳನ್ನು ಒಡೆದು ರಸ್ತೆಯನ್ನು ಅಗಲಗೊಳಿಸಬೇಕು, ಬೀದಿಬದಿಯ ಗಾಡಾ ಅಂಗಡಿಗಳನ್ನು ಎಬ್ಬಿಸಬೇಕು, ನಿಲ್ದಾಣದ ಎದುರಿಗೆ ಮೂರು ಅಂತಸ್ತಿನ ವಾಣಿಜ್ಯ ಸಂಕೀರ್ಣ ಕಟ್ಟಬೇಕು, ಈ ಬೇಡಿಕೆಗೆ ಪತ್ರಿಕೆ ದನಿಗೂಡಿಸಬೇಕು ಎಂಬುದು ಅವರ ಆಗ್ರಹ.

ಗುರುಗಳೇ, ಮನೆಯ ಮುಂದಿನ ಗಟಾರದ ಬಗ್ಗೆ ಬರೆಯುವವರು ಬಹಳ ಮಂದಿ, ಇಡೀ ಬೀದಿಯ ಬಗ್ಗೆ ಬರೆಯುವವರು ಅಪರೂಪ. ಅದಕ್ಕಾಗಿ ತಮಗೆ ನಮಸ್ಕಾರ. ತಮ್ಮ ದೂರಿನಲ್ಲಿ ಸತ್ಯವೂ ಇದೆ. ಕಬ್ಬಿನ ಹಂಗಾಮಿನಲ್ಲಿ ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರುಗಳು ಪೇಟೆಯೊಳಗೆ ನುಗ್ಗಿದಾಗ ಆಂಬುಲೆನ್ಸಿಗೆ ದಾರಿ ಸಿಗುವುದಿಲ್ಲ ಎಂಬುದು ಸುಳ್ಳಲ್ಲ. ಅಲ್ಲಿಗೆ ನಮ್ಮ ಒಪ್ಪಿಗೆ ಮುಗಿಯಿತು. ಕಬ್ಬಿನ ಟ್ರ್ಯಾಕ್ಟರಿಗೆ ಬೇರೆ ದಾರಿ ತೋರಿಸುವುದು ಪೊಲೀಸರ ಕೆಲಸ. ಅದಕ್ಕಾಗಿ ನೂರು ವರ್ಷದ ಪೇಟೆಯನ್ನು ಕೆಡವಬೇಕಾಗಿಲ್ಲ.

ತಾವು ಒಡೆಸಬೇಕೆನ್ನುವ ಅಂಗಡಿಗಳ ಎದುರು ಒಂದು ಸಂಜೆ ನಿಂತು ನೋಡಬೇಕೆಂದು ವಿನಂತಿ. ಹಳೆಯ ಅಂಗಡಿಯ ಕಟ್ಟೆ ಹೆಚ್ಚುಕಡಿಮೆ ಸೊಂಟದ ಎತ್ತರಕ್ಕಿರುತ್ತದೆ. ರೈಲಿಳಿದು ಬಂದ ಹೆಣ್ಣುಮಗಳು ತಲೆಯ ಮೇಲಿನ ಗಂಟನ್ನು ಬಗ್ಗದೆಯೇ ಅದರ ಮೇಲೆ ಇಳಿಸಿ, ಸೆರಗಿನಿಂದ ಮುಖ ಒರೆಸಿಕೊಂಡು, ಅರ್ಧ ಕಿಲೋ ಬೆಲ್ಲದ ದರ ಕೇಳುತ್ತಾಳೆ. ಕೊಳ್ಳದಿದ್ದರೂ ಯಾರೂ ಎಬ್ಬಿಸುವುದಿಲ್ಲ. ಪಕ್ಕದ ಚಹಾದಂಗಡಿಯವನು ಪ್ಲಾಟ್‌ಫಾರ್ಮಿನ ಘೋಷಣೆ ಕೇಳಿದೊಡನೆ ಸ್ಟೋವಿನ ಉರಿ ಏರಿಸುತ್ತಾನೆ; ಗಾಡಿ ತಡವೆಂದರೆ ಇಳಿಸುತ್ತಾನೆ. ರಸ್ತೆ ಅಗಲೀಕರಣಕ್ಕೆ ಮೊದಲು ಬಲಿಯಾಗುವುದು ಈ ಕಟ್ಟೆ, ಆಮೇಲೆ ಬೇವಿನ ಮರ. ನಮ್ಮ ಭಾಗದ ಇನ್ನೊಂದು ಊರಿನಲ್ಲಿ ಹೀಗೆಯೇ ಆದದ್ದನ್ನು ಕಣ್ಣಾರೆ ಕಂಡಿದ್ದೇವೆ. ಕಟ್ಟೆ ಹೋಗಿ ಶಟರು ಬಂತು, ಶಟರಿನ ಮುಂದೆ ಮೋಟರ್ ಸೈಕಲ್ಲುಗಳು ಸಾಲಾಗಿ ನಿಂತವು. ಅಗಲವಾದ ರಸ್ತೆಯಲ್ಲಿ ವಾಹನಗಳು ವೇಗವಾಗಿ ಹೋಗತೊಡಗಿದ ಮೇಲೆ ಆಚೆ ಬದಿಯ ಅಂಗಡಿಗೆ ದಾಟಿ ಹೋಗುವ ಗಿರಾಕಿಯೇ ಇಲ್ಲವಾದನು. ಸಂಕೀರ್ಣದ ನೆಲಮಹಡಿ ಹರಾಜಾಯಿತು, ಮೇಲಿನ ಅಂತಸ್ತುಗಳಲ್ಲಿ ಈಗ ಪಾರಿವಾಳಗಳು ಬಾಡಿಗೆ ಕೊಡದೆ ವಾಸವಾಗಿವೆ.

ಪೇಟೆ ಬದುಕುವುದು ಅಲ್ಲಿ ನಡೆದಾಡುವವರಿಂದ. ಸ್ಟೇಷನ್ ರಸ್ತೆಗೆ ಆ ಜನರನ್ನು ತಂದು ಸುರಿಯುವುದು ರೈಲು. ನಮ್ಮ ಸೀಮೆಯ ಇತಿಹಾಸವೇ ಇದಕ್ಕೆ ಸಾಕ್ಷಿ. 1876–78ರ ಬರಗಾಲದ ಬೆನ್ನಿಗೆ ಯೋಜಿತವಾದ ಸದರ್ನ್ ಮರಾಠಾ ರೈಲ್ವೆಯ ಗದಗ–ಹೋಟಗಿ ಮಾರ್ಗ 1884ರಲ್ಲಿ ವಿಜಯಪುರವನ್ನು ಮುಟ್ಟಿತು. ಅದುವರೆಗೆ ಜಿಲ್ಲೆಯ ಮುಖ್ಯಸ್ಥಳವಾಗಿದ್ದ ಕಲಾದಗಿಯಿಂದ ಕಚೇರಿಗಳು ಅದೇ ಹೊತ್ತಿಗೆ ವಿಜಯಪುರಕ್ಕೆ ಎದ್ದುಹೋದವು; ಪಾಳುಬಿದ್ದಿದ್ದ ಆದಿಲ್‌ಶಾಹಿ ರಾಜಧಾನಿ ಮತ್ತೆ ಜಿಲ್ಲಾಸ್ಥಳವಾಯಿತು, ಕಲಾದಗಿ ಹಳ್ಳಿಯಾಗಿ ಉಳಿಯಿತು. ಬಾಗಲಕೋಟೆ–ಕುಡಚಿ ಹೊಸ ಮಾರ್ಗದ ಹಳಿ ಕಲಾದಗಿಯ ನೆರೆಯ ಖಜ್ಜಿಡೋಣಿಯನ್ನು ತಲುಪಲು ಶತಮಾನಕ್ಕೂ ಹೆಚ್ಚು ಕಾಲ ಹಿಡಿಯಿತು. ಬಾದಾಮಿಯ ನಿಲ್ದಾಣ ಊರಿನಿಂದ ಸುಮಾರು 5 ಕಿಲೋಮೀಟರ್ ದೂರವಿದೆ; ಗುಹೆಗಳನ್ನು ನೋಡಲು ರೈಲಿನಲ್ಲಿ ಬಂದವರು ಆಟೋ ಹತ್ತುತ್ತಾರೆಯೇ ಹೊರತು ನಿಲ್ದಾಣದಿಂದ ಪೇಟೆಗೆ ನಡೆದು ಬರುವುದಿಲ್ಲ. ತಮ್ಮ ಊರಿನಲ್ಲಿ ನಿಲ್ದಾಣದ ಬಾಗಿಲಿಗೇ ಪೇಟೆ ಇದೆ. ಅಂಥ ಭಾಗ್ಯವನ್ನು ಕೈಯಲ್ಲಿಟ್ಟುಕೊಂಡು ಜೆಸಿಬಿ ಬೇಡುತ್ತಿದ್ದೀರಲ್ಲ, ಗುರುಗಳೇ!

ಪೇಟೆ ಏಕೆ ಸೊರಗಿತು ಎಂಬುದಕ್ಕೆ ತಾವು ರಸ್ತೆಯ ಅಗಲವನ್ನು ಅಳೆದಿದ್ದೀರಿ. ನಾವಾದರೆ ಮೊದಲು ಗಾಡಿಗಳ ವೇಳಾಪಟ್ಟಿಯನ್ನು ತೆಗೆದು ನೋಡುತ್ತಿದ್ದೆವು. ಕೋವಿಡ್ ಕಾಲದಲ್ಲಿ ಪ್ಯಾಸೆಂಜರ್ ಗಾಡಿಗಳು ನಿಂತವು. ಮತ್ತೆ ಓಡತೊಡಗಿದಾಗ ಅವುಗಳಿಗೆ ಎಕ್ಸ್‌ಪ್ರೆಸ್ ದರ ಹಚ್ಚಿದರು. ಕನಿಷ್ಠ ಟಿಕೆಟ್ 10 ರೂಪಾಯಿಯಿಂದ 30ಕ್ಕೆ ಏರಿತು, 2024ರ ಫೆಬ್ರುವರಿಯವರೆಗೂ ಇಳಿಯಲಿಲ್ಲ. ಬುಟ್ಟಿ ಸವತಿಕಾಯಿ ಮಾರಲು ಬರುವವಳು, ಮಗನ ಪುಸ್ತಕ ಕೊಳ್ಳಲು ಬರುವ ರೈತ ಹೋಗಿಬರಲು 60 ರೂಪಾಯಿ ತೆರುವ ಬದಲು ಟಂಟಂ ಹತ್ತಿ ಬೇರೆ ಊರಿನ ಸಂತೆಗೆ ಹೋದರು. ತಪ್ಪಿದ ಗಿರಾಕಿ ದರ ಇಳಿದ ಮರುದಿನವೇ ಮರಳುವುದಿಲ್ಲ. ತಮ್ಮ ಬೀದಿಯ ಬಾಗಿಲು ಮುಚ್ಚಿದ ಅಂಗಡಿಗಳಲ್ಲಿ ಎಷ್ಟು ಆ ವರ್ಷಗಳಲ್ಲಿ ಮುಚ್ಚಿದವು ಎಂಬುದನ್ನು ವಿಚಾರಿಸಿ ನೋಡಿ.

ರೈಲನ್ನೂ ಪೇಟೆಯನ್ನೂ ಒಟ್ಟಿಗೆ ಕಂಡ ಒಬ್ಬ ಮನುಷ್ಯನ ಕಥೆ ಹೇಳದೆ ಮುಂದೆ ಹೋಗಲಾರೆವು. ಜಪಾನಿನ ಇಚಿಜೊ ಕೊಬಾಯಾಶಿ 1910ರಲ್ಲಿ ಒಸಾಕಾದಿಂದ ಹೊರಡುವ ರೈಲುಮಾರ್ಗವೊಂದನ್ನು ತೆರೆದು, ಅದರ ಬದಿಯಲ್ಲಿ ಮನೆಗಳನ್ನು ಕಟ್ಟಿ ಕಂತಿನ ಮೇಲೆ ಮಾರಿ, 1929ರಲ್ಲಿ ಒಸಾಕಾದ ಉಮೆದಾ ನಿಲ್ದಾಣದಲ್ಲಿಯೇ ದೊಡ್ಡ ಮಳಿಗೆಯನ್ನು ತೆರೆದರು. ಆರ್ಥಿಕ ಮುಗ್ಗಟ್ಟಿನ ದಿನಗಳು. ಮಳಿಗೆಯ ಊಟದ ಮನೆಗೆ ಬಡವರು ಬಂದು ಬರೀ ಅನ್ನವನ್ನು ಕೊಂಡು, ಮೇಜಿನ ಮೇಲೆ ಪುಕ್ಕಟೆ ಇಟ್ಟಿದ್ದ ಸಾಸನ್ನು ಸುರಿದುಕೊಂಡು ಉಣ್ಣತೊಡಗಿದರು. ಕೆಲಸಗಾರರು ಗೊಣಗಿದರು. ಕೊಬಾಯಾಶಿ ಮಾತ್ರ ಬರೀ ಅನ್ನ ಕೊಳ್ಳುವವರಿಗೂ ಸ್ವಾಗತವೆಂದು ಫಲಕ ಹಾಕಿಸಿದರು. ಇಂದು ಕೈ ಬರಿದಾದವರು ನಾಳೆ ಸಂಸಾರ ಸಮೇತ ಬರುತ್ತಾರೆ ಎಂಬುದು ಅವರ ಲೆಕ್ಕ. ನಮ್ಮಲ್ಲಿ ನಿಲ್ದಾಣದ ಎದುರು ಗಿರಮಿಟ್ಟು, ಮಿರ್ಚಿ ಭಜಿ ಮಾರುವವನನ್ನು ಎಬ್ಬಿಸುವುದೇ ಅಭಿವೃದ್ಧಿಯ ಮೊದಲ ಹೆಜ್ಜೆ.

ಎಬ್ಬಿಸುವುದಕ್ಕೂ ಕಾನೂನು ಇದೆ ಎಂಬುದನ್ನು ಶಿಕ್ಷಕರಾದ ತಮಗೆ ನೆನಪಿಸಬೇಕಾಗಿ ಬಂದದ್ದಕ್ಕೆ ಕ್ಷಮೆಯಿರಲಿ. 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆಯ ಪ್ರಕಾರ ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡುವವರೆಗೆ ಯಾರನ್ನೂ ಎಬ್ಬಿಸುವಂತಿಲ್ಲ. ಆಮೇಲೂ 30 ದಿನಗಳ ನೋಟಿಸು ಕೊಡಬೇಕು. ಅದೇ ಕಾಯ್ದೆಯಡಿ ರಚಿಸಬೇಕಾದ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ಶೇ 40ರಷ್ಟು ಸದಸ್ಯರು ವ್ಯಾಪಾರಿಗಳಿಂದಲೇ ಆಯ್ಕೆಯಾಗಿರಬೇಕು. ತಮ್ಮ ಊರಿನಲ್ಲಿ ಈ ಸಮಿತಿ ಕೊನೆಯ ಬಾರಿ ಎಂದು ಸೇರಿತ್ತು? ವಿಚಿತ್ರವೆಂದರೆ ಈ ಕಾಯ್ದೆ ರೈಲ್ವೆಯ ಜಾಗಕ್ಕೆ ಅನ್ವಯಿಸುವುದಿಲ್ಲ. ಗೇಟಿನ ಒಳಗೆ ಒಂದು ಗೇಣು ಬಂದರೆ ಅದೇ ಗಾಡಾ ಅಕ್ರಮ, ಹೊರಗೆ ಸರಿದರೆ ಸಕ್ರಮ.

ನಮ್ಮ ನಿಜವಾದ ಸಿಟ್ಟು ಇರುವುದು ಈ ಗೇಟಿನ ಮೇಲೆಯೇ. ರೈಲು ನಿಲ್ದಾಣಗಳನ್ನು ನವೀಕರಿಸುವ ಅಮೃತ ಭಾರತ ನಿಲ್ದಾಣ ಯೋಜನೆಯಡಿ 2023ರ ಆಗಸ್ಟ್ 6ರಂದು ದೇಶದ 508 ನಿಲ್ದಾಣಗಳ ಕಾಮಗಾರಿಗೆ ಶಂಕುಸ್ಥಾಪನೆಯಾಯಿತು. ನಮ್ಮ ಘಟಪ್ರಭಾ, ಗೋಕಾಕ ರೋಡ್ ಅದರಲ್ಲಿದ್ದವು. 2025ರ ಮೇ 22ರಂದು ಉದ್ಘಾಟನೆಯಾದ 103 ನಿಲ್ದಾಣಗಳಲ್ಲಿ ಗೋಕಾಕ ರೋಡ್ ಮತ್ತು ಬಾಗಲಕೋಟೆ ಸೇರಿವೆ. ಸಂತೋಷ. ಊರಿನ ಎರಡೂ ಬದಿಯನ್ನು ನಿಲ್ದಾಣದೊಂದಿಗೆ ಜೋಡಿಸುವುದು ಆ ಯೋಜನೆಯ ಉದ್ದೇಶಗಳಲ್ಲೊಂದೆಂದು ಕಾಗದದ ಮೇಲೆ ಇದೆ. ಆದರೆ ನಿಲ್ದಾಣದ ಅಂಗಳ ರೈಲ್ವೆಯದು, ಹೊರಗಿನ ರಸ್ತೆ ಹಲವೆಡೆ ಲೋಕೋಪಯೋಗಿ ಇಲಾಖೆಯದು, ರಸ್ತೆಬದಿಯ ಗಟಾರ ಮತ್ತು ದೀಪ ಪಟ್ಟಣ ಪಂಚಾಯಿತಿಯದು. ಈ ಮೂವರು ಒಂದು ಮೇಜಿಗೆ ಕೂತದ್ದನ್ನು ಕಂಡವರು ಕಡಿಮೆ. ಹೀಗಾಗಿ ಒಳಗೆ ಗ್ರಾನೈಟು ಹೊಳೆಯುತ್ತದೆ, ಗೇಟು ದಾಟಿದ ಕೂಡಲೇ ಪ್ರಯಾಣಿಕ ಕೆಸರಿನಲ್ಲಿ ಕಾಲಿಡುತ್ತಾನೆ. ಪೇಟೆಯ ಕಡೆಗಿದ್ದ ಸಣ್ಣ ಕಿಂಡಿಬಾಗಿಲನ್ನು ಕಂಪೌಂಡ್ ಕಟ್ಟಿ ಮುಚ್ಚಿಬಿಟ್ಟರೆ ಒಂದು ಇಡೀ ಓಣಿಯ ವ್ಯಾಪಾರ ಬಿದ್ದುಹೋಗುತ್ತದೆ ಎಂಬುದು ನಕ್ಷೆ ಬರೆಯುವವನಿಗೆ ಹೊಳೆಯುವುದಿಲ್ಲ, ಏಕೆಂದರೆ ಅವನು ಆ ಊರಿಗೆ ಬಂದದ್ದು ಕಾರಿನಲ್ಲಿ. ಊರಿನವರ ಪರವಾಗಿ ಕೇಳಬೇಕಾದ ಸ್ಥಳೀಯ ಸಂಸ್ಥೆಗಳೋ ಅಧ್ಯಕ್ಷ ಸ್ಥಾನದ ಮೀಸಲಾತಿಯ ಗೊಂದಲದಲ್ಲಿ ತಿಂಗಳುಗಟ್ಟಲೆ ಆಡಳಿತಾಧಿಕಾರಿಯ ಕೈಯಲ್ಲಿರುತ್ತವೆ. ಪಟ್ಟಣಗಳ ಸ್ಥಳೀಯ ಸಂಸ್ಥೆಗಳಿಗೆ ಅಧಿಕಾರ ಕೊಡಲೆಂದು ಬಂದ ಸಂವಿಧಾನದ 74ನೆಯ ತಿದ್ದುಪಡಿಯನ್ನು ತಾವು ತರಗತಿಯಲ್ಲಿ ಕಲಿಸಿರಬಹುದು. ಅದು ಪಾಠವಾಗಿಯೇ ಉಳಿದಿದೆ.

ಅಮೆರಿಕದ ಗೇಲ್ಸ್‌ಬರ್ಗ್ ಎಂಬ ರೈಲ್ವೆ ಊರು 1977ರಲ್ಲಿ ಸಣ್ಣ ಪಟ್ಟಣಗಳ ಪೇಟೆಬೀದಿಯನ್ನು ಉಳಿಸುವ ಪ್ರಯೋಗಕ್ಕೆ ಆಯ್ಕೆಯಾದ ಮೂರು ಊರುಗಳಲ್ಲೊಂದು. ಅಲ್ಲಿ ಬೀದಿಯ ಉಸ್ತುವಾರಿಗೆಂದೇ ಪೂರ್ಣಾವಧಿಯ ಒಬ್ಬರನ್ನು ನೇಮಿಸಿ, ಹಳೆಯ ಕಟ್ಟಡಗಳನ್ನು ಉಳಿಸಿಕೊಂಡೇ ಅಂಗಡಿಗಳನ್ನು ಸುಧಾರಿಸುವ ದಾರಿ ಹಿಡಿದರು. ತಮ್ಮ ಊರಿಗೆ ಇಷ್ಟು ಸಾಕು: ಪೇಟೆಯ ಕಡೆಗೊಂದು ಬಾಗಿಲು, ಮುಚ್ಚಿದ ಗಟಾರ, ಕೊನೆಯ ಗಾಡಿ ಹೋಗುವವರೆಗೆ ಉರಿಯುವ ದೀಪ, ಗಾಡಾಗಳಿಗೆ ಗೆರೆ ಎಳೆದ ಜಾಗ, ಹೆಂಗಸರಿಗೆ ಶುಚಿಯಾದ ಶೌಚಾಲಯ, ಬೀಗ ಬಿದ್ದ ಅಡತಿ ಅಂಗಡಿಗಳ ಮಾಳಿಗೆಯಲ್ಲಿ ಬಾಡಿಗೆಗೆ ಕೋಣೆಗಳು. ಮಾಳಿಗೆಯಲ್ಲಿ ಜನ ಇದ್ದರೆ ಕೆಳಗಿನ ಕಿರಾಣಿ ಅಂಗಡಿಗೆ ರಾತ್ರಿಯೂ ಗಿರಾಕಿ ಸಿಗುತ್ತಾನೆ.

ತಮ್ಮ ಬೇಡಿಕೆಗೆ ಈ ಪತ್ರಿಕೆ ದನಿಗೂಡಿಸುವುದಿಲ್ಲ. ಆದರೆ ತಮ್ಮ ಅಕ್ಷರ ಸುಂದರವಾಗಿದೆ, ಹಟವೂ ಇದೆ. ಅವೆರಡನ್ನೂ ಒಳ್ಳೆಯ ಕೆಲಸಕ್ಕೆ ಬಳಸಬೇಕು. ತಲಾ 10 ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನಡಿ ಎರಡು ಅರ್ಜಿ ಹಾಕಿ. ರೈಲ್ವೆಯಿಂದ ನಿಲ್ದಾಣದ ಮುಂಭಾಗದ ನಕ್ಷೆಯನ್ನೂ ಪಟ್ಟಣ ಪಂಚಾಯಿತಿಯಿಂದ ವ್ಯಾಪಾರ ಸಮಿತಿಯ ನಡಾವಳಿಯನ್ನೂ ಕೇಳಿ. 30 ದಿನಗಳಲ್ಲಿ ಉತ್ತರ ಕೊಡಬೇಕು. ಬಂದದ್ದರ ಒಂದೊಂದು ಪ್ರತಿಯನ್ನು ನಮಗೂ ಕಳಿಸಿದರೆ, ತಮ್ಮ ಲೇಖನಕ್ಕೆ ಎರಡು ಪುಟ ಮೀಸಲಿಡುತ್ತೇವೆ.

— ಸಂಪಾದಕ